‘ನಾರ್ಮಲ್’ ಥೈರಾಯ್ಡ್‌ಗೂ ಇನ್ಸುಲಿನ್‌ಗೂ ಏನು ನಂಟು?

ಥೈರಾಯ್ಡ್ ರಿಪೋರ್ಟಿನಲ್ಲಿ ಟಿಎಸ್‌ಎಚ್ (ಥೈರಾಯ್ಡಿಗೆ ಕೆಲಸ ಮಾಡೆಂದು ಹೇಳುವ ಹಾರ್ಮೋನು; ಥೈರಾಯ್ಡ್ ಮಂದವಾದಷ್ಟೂ ಇದು ಏರುತ್ತದೆ) ಅಂಕಿ 0.4ರಿಂದ 4ರ ಆಸುಪಾಸಿನೊಳಗೆ ಇದ್ದರೆ ಹಾಳೆ ಮಡಿಸಿಟ್ಟು ಮರೆತುಬಿಡುತ್ತೇವೆ. ಹೀಗೆ ಗೆರೆಯೊಳಗೇ ಇರುವ ಆರೋಗ್ಯವಂತರಲ್ಲೂ ಥೈರಾಯ್ಡ್ ತುಸು ಮಂದವಾಗಿದ್ದರೆ ದೇಹ ಇನ್ಸುಲಿನ್ ಮಾತು ಕೇಳುವುದು ಕಡಿಮೆಯಾಗುತ್ತದೆಯೇ? ಈ ಪ್ರಶ್ನೆ ಹುಟ್ಟಲು ಶತಮಾನವೇ ಹಿಡಿಯಿತು.

ಮೊದಲು ವೈದ್ಯರ ಕಣ್ಣಿಗೆ ಬಿದ್ದದ್ದು ಅತಿರೇಕ. ಥೈರಾಯ್ಡ್ ಸಾರ ಕೊಟ್ಟರೆ ದೇಹ ಹೆಚ್ಚು ಆಮ್ಲಜನಕ ಬಳಸುತ್ತದೆಂದು ಜರ್ಮನಿಯ ಮ್ಯಾಗ್ನಸ್-ಲೆವಿ 1895ರಲ್ಲಿ ತೋರಿಸಿದರು. ಥೈರಾಯ್ಡ್ ಹಾರ್ಮೋನು ಉಕ್ಕಿದವರಲ್ಲಿ ಯಕೃತ್ತು ಹೆಚ್ಚು ಸಕ್ಕರೆ ಹೊರಬಿಡುತ್ತದೆ, ಮಧುಮೇಹ ಹದಗೆಡುತ್ತದೆ. ಕೊರತೆಯಿದ್ದವರಲ್ಲಿ ಕಥೆ ಮುಚ್ಚಿಕೊಂಡಿತ್ತು. ಅವರ ಕರುಳು ಸಕ್ಕರೆ ಹೀರುವುದೂ ನಿಧಾನ, ಯಕೃತ್ತು ಬಿಡುವುದೂ ಕಡಿಮೆ, ಇನ್ಸುಲಿನ್ ರಕ್ತದಲ್ಲಿ ಉಳಿಯುವುದು ಹೆಚ್ಚು ಹೊತ್ತು. ಸ್ನಾಯು ಒಳಗೊಳಗೇ ಮೊಂಡು ಹಿಡಿದಿದ್ದರೂ ಸಕ್ಕರೆಯ ಅಂಕಿ ಚೆನ್ನಾಗಿಯೇ ಕಾಣುತ್ತಿತ್ತು.

ಆ ಮೊಂಡುತನವನ್ನು ಅಳೆಯಲು ಸಾಧನ ಬೇಕಿತ್ತು. ಮಧುಮೇಹಿಗಳಲ್ಲಿ ಇನ್ಸುಲಿನ್‌ಗೆ ಬಗ್ಗುವವರು, ಬಗ್ಗದವರು ಎಂದು ಎರಡು ಬಗೆಯಿದ್ದಾರೆಂದು ಲಂಡನ್ನಿನ ಹಿಮ್ಸ್‌ವರ್ತ್ 1936ರಲ್ಲೇ ಹೇಳಿದ್ದರು. 1960ರ ಹೊತ್ತಿಗೆ ಯಾಲೋ ಮತ್ತು ಬರ್ಸನ್ ರಕ್ತದ ಇನ್ಸುಲಿನ್ ಅಳೆಯುವ ವಿಧಾನ ಕೊಟ್ಟರು. 1979ರ ‘ಕ್ಲ್ಯಾಂಪ್’ ಪರೀಕ್ಷೆ ನಿಖರವೇನೋ ಹೌದು, ಆದರೆ ರೋಗಿ ಗಂಟೆಗಟ್ಟಲೆ ಡ್ರಿಪ್ ಹಾಕಿಸಿಕೊಂಡು ಮಲಗಬೇಕು. ದಾರಿ ಸಲೀಸಾದದ್ದು 1985ರಲ್ಲಿ, ಆಕ್ಸ್‌ಫರ್ಡಿನ ‘ಹೋಮಾ’ ಲೆಕ್ಕದಿಂದ. ಖಾಲಿ ಹೊಟ್ಟೆಯ ಸಕ್ಕರೆಯನ್ನು (ಮಿಲಿಗ್ರಾಂ ಲೆಕ್ಕದಲ್ಲಿ) ಖಾಲಿ ಹೊಟ್ಟೆಯ ಇನ್ಸುಲಿನ್‌ನಿಂದ ಗುಣಿಸಿ 405ರಿಂದ ಭಾಗಿಸಿದರೆ ಮುಗಿಯಿತು; ಅಂಕಿ ಹೆಚ್ಚಿದಷ್ಟೂ ದೇಹ ಇನ್ಸುಲಿನ್‌ಗೆ ಬಗ್ಗುವುದು ಕಡಿಮೆ. ಇನ್ನು ಸಾವಿರಾರು ಜನರನ್ನು ಒಟ್ಟಿಗೆ ನೋಡಬಹುದಿತ್ತು.

2007ರಲ್ಲಿ ನೆದರ್ಲೆಂಡ್ಸಿನ ಗ್ರೋನಿಂಗನ್ ಸಂಶೋಧಕರು ನೋಡಿದ್ದು ಹೀಗೆಯೇ. ಥೈರಾಯ್ಡ್ ನಾರ್ಮಲ್ ಇದ್ದ 1,581 ಮಂದಿಯಲ್ಲಿ ಫ್ರೀ ಟಿ4 (ಥೈರಾಯ್ಡ್ ಸುರಿಸುವ ಥೈರಾಕ್ಸಿನ್ ಹಾರ್ಮೋನಿನಲ್ಲಿ ರಕ್ತದಲ್ಲಿ ಬಿಡಿಯಾಗಿರುವ ಪಾಲು) ನಾರ್ಮಲ್ಲಿನ ಕೆಳತುದಿಯಲ್ಲಿದ್ದವರ ಹೋಮಾ ಅಂಕಿ ಹೆಚ್ಚಿತ್ತು. ತಮಾಷೆ ನೋಡಿ, ನಾವೆಲ್ಲ ಮೊದಲು ಮಾಡಿಸುವ ಟಿಎಸ್‌ಎಚ್‌ಗೂ ಹೋಮಾಗೂ ಅಲ್ಲಿ ಅಂಥ ನಂಟು ಸಿಗಲಿಲ್ಲ.

ಇದಕ್ಕೊಂದು ಕಾರಣ ಸ್ನಾಯುವಿನಲ್ಲಿರಬಹುದು. ಅಲ್ಲಿ ಟಿ4 ಎಂಬುದು ಇನ್ನೂ ಚುರುಕಾದ ಟಿ3 ಹಾರ್ಮೋನು ಆಗಿ ಬದಲಾಗುತ್ತದೆ. ಸಕ್ಕರೆಯನ್ನು ಜೀವಕೋಶದೊಳಕ್ಕೆ ಬಿಡುವ ಗ್ಲುಟ್-4 ಎಂಬ ಬಾಗಿಲುಗಳನ್ನು ಹೆಚ್ಚಿಸುವುದು ಆ ಟಿ3. ಆದರೆ ಕಾರಣ-ಪರಿಣಾಮದ ಬಾಣ ತಿರುಗಾಮುರುಗಾ ಇರಲೂಬಹುದು: ಬೊಜ್ಜು ಬಂದರೆ ಟಿಎಸ್‌ಎಚ್ ತುಸು ಏರುತ್ತದೆ, ತೂಕ ಇಳಿದರೆ ಎಷ್ಟೋ ಸಲ ಅದೂ ಇಳಿಯುತ್ತದೆ. ಹೋಮಾ ಹೇಳುವುದು ಕೂಡ ಸ್ನಾಯುವಿಗಿಂತ ಯಕೃತ್ತಿನ ಸುದ್ದಿಯನ್ನೇ ಹೆಚ್ಚು.

2016ರಲ್ಲಿ ರಾಟರ್‌ಡ್ಯಾಮ್ ಅಧ್ಯಯನ 8,400ಕ್ಕೂ ಹೆಚ್ಚು ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದ ಲೆಕ್ಕ ಕೊಟ್ಟಿತು. ಅಲ್ಲಿ ಟಿಎಸ್‌ಎಚ್ ನಾರ್ಮಲ್ಲಿನ ಮೇಲುತುದಿಯಲ್ಲಿದ್ದವರಿಗೂ ಮುಂದೆ ಮಧುಮೇಹ ಬರುವ ಸಾಧ್ಯತೆ ಹೆಚ್ಚು ಕಂಡಿತು, ಅದರಲ್ಲೂ ಸಕ್ಕರೆ ಆಗಲೇ ಗಡಿಯಲ್ಲಿದ್ದವರಿಗೆ. ಗ್ರೋನಿಂಗನ್, ರಾಟರ್‌ಡ್ಯಾಮ್ ಅಧ್ಯಯನಗಳೆರಡೂ ಜನರನ್ನು ಗಮನಿಸಿ ಬರೆದಿಟ್ಟ ಲೆಕ್ಕಗಳೇ ಹೊರತು ಥೈರಾಕ್ಸಿನ್ ಗುಳಿಗೆ ಕೊಟ್ಟು ನೋಡಿದ ಪ್ರಯೋಗಗಳಲ್ಲ.