ಒಂದೇ ಬ್ರಾಡ್‌ಬ್ಯಾಂಡ್, ಮೂರು ಕಂಪ್ಯೂಟರ್: ವೇಗ ಮೂರು ಪಾಲಾಗುತ್ತದೆಯೇ?

ಪ್ರಶ್ನೆ: ಮನೆಯಲ್ಲಿ ಒಂದೇ ಬ್ರಾಡ್‌ಬ್ಯಾಂಡ್ ಸಂಪರ್ಕವಿದೆ. ಮೂರು ಕಂಪ್ಯೂಟರ್‌ಗಳಿಗೂ ಅದನ್ನೇ ಕೊಟ್ಟರೆ ಪ್ರತಿಯೊಂದರ ವೇಗವೂ ಮೂರನೇ ಒಂದಕ್ಕೆ ಇಳಿಯುತ್ತದೆಯೇ? ಇನ್ನೊಂದು ಸಂಪರ್ಕ ತೆಗೆದುಕೊಳ್ಳಬೇಕೇ?

ಉತ್ತರ: ಖಂಡಿತ ಬೇಡ. ವೇಗ ತಲೆ ಎಣಿಸಿ ಹಂಚಿಕೆಯಾಗುವುದಿಲ್ಲ. ಆ ಕ್ಷಣದಲ್ಲಿ ಯಾರು ಕೇಳುತ್ತಿದ್ದಾರೋ ಅವರ ನಡುವೆ ಮಾತ್ರ ಹಂಚಿಕೆಯಾಗುತ್ತದೆ. ಸುದ್ದಿ ಓದುತ್ತಿರುವವರ ಕಂಪ್ಯೂಟರ್, ಪುಟ ಒಮ್ಮೆ ತೆರೆದುಕೊಂಡ ಮೇಲೆ, ಸಂಪರ್ಕವನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಎಚ್‌ಡಿ ವಿಡಿಯೊಗೆ 5ರಿಂದ 8 ಎಂಬಿಪಿಎಸ್ ಸಾಕು. 100 ಎಂಬಿಪಿಎಸ್ ಸಂಪರ್ಕದಲ್ಲಿ ಮೂವರೂ ಒಟ್ಟಿಗೆ ನೋಡಿದರೂ ಮುಕ್ಕಾಲು ಪಾಲು ಖಾಲಿಯೇ ಉಳಿಯುತ್ತದೆ.

ಹಂಚುವ ಕೆಲಸ ರೌಟರ್‌ನದು. ಇಂಟರ್‌ನೆಟ್‌ನಲ್ಲಿ ಯಂತ್ರಗಳನ್ನು ಗುರುತಿಸುವುದು ಸಂಖ್ಯೆಯ ವಿಳಾಸಗಳಿಂದ. ಹಳೆಯ ಐಪಿವಿ4 ಪದ್ಧತಿಯಲ್ಲಿ ಈ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ. ಹಾಗಾಗಿ ಇಡೀ ಮನೆಗೆ ಸಿಗುವುದು ಹೆಚ್ಚೆಂದರೆ ಒಂದು. ಮನೆಯೊಳಗಿನ ಯಂತ್ರಗಳಿಗೆ ರೌಟರ್ ತಾನೇ 192.168.1.10, 192.168.1.11 ಎಂಬಂಥ ಖಾಸಗಿ ವಿಳಾಸಗಳನ್ನು ಕೊಡುತ್ತದೆ. ಹೊರಗೆ ಹೋಗುವ ಪ್ರತಿ ಸಂಪರ್ಕಕ್ಕೂ ಒಂದು ಪೋರ್ಟ್ ಸಂಖ್ಯೆ ಹಚ್ಚಿ, ಅದು ಯಾವ ಯಂತ್ರದ್ದೆಂದು ಪಟ್ಟಿಯಲ್ಲಿ ಗುರುತಿಟ್ಟುಕೊಂಡು, ಉತ್ತರ ಬಂದಾಗ ಸರಿಯಾದ ಯಂತ್ರಕ್ಕೇ ತಲುಪಿಸುತ್ತದೆ. ನ್ಯಾಟ್ (ವಿಳಾಸ ಬದಲಿಸುವ ವಿಧಾನ) ಎಂದರೆ ಇಷ್ಟೇ. ಮನೆಯ ಮೂರು ಕಂಪ್ಯೂಟರ್‌ಗಳು ಅದಕ್ಕೆ ಹೊರೆಯೇ ಅಲ್ಲ.

ಹಾಗಿದ್ದರೂ ಇನ್ನೊಬ್ಬರು ಕುಳಿತೊಡನೆ ಎಲ್ಲವೂ ನಿಂತುಹೋಗುತ್ತದೆ ಎಂಬ ದೂರು ಸುಳ್ಳಲ್ಲ. ಬಹಳಷ್ಟು ಸಲ ಕಾರಣ ಅಪ್‌ಲೋಡ್. ನಾವೆಲ್ಲ ಡೌನ್‌ಲೋಡ್ ವೇಗ ನೋಡಿ ಯೋಜನೆ ಆರಿಸಿಕೊಳ್ಳುತ್ತೇವೆ. ಎಷ್ಟೋ ಯೋಜನೆಗಳಲ್ಲಿ ಅಪ್‌ಲೋಡ್ ಅದರ ಒಂದು ಸಣ್ಣ ಪಾಲು. ಅಪ್‌ಲೋಡ್ 10 ಎಂಬಿಪಿಎಸ್ ಇದೆ, ಒಂದು ಕಂಪ್ಯೂಟರ್ 1 ಜಿಬಿಯಷ್ಟು ಫೋಟೊಗಳನ್ನು ಕ್ಲೌಡ್‌ಗೆ ಕಳಿಸುತ್ತಿದೆ ಎಂದುಕೊಳ್ಳಿ. ಕಡಿಮೆಯೆಂದರೂ 13 ನಿಮಿಷ ಆ ದಾರಿ ಭರ್ತಿ. ಪಕ್ಕದ ಕೋಣೆಯ ವಿಡಿಯೊ ಕರೆಯ ಧ್ವನಿಯೂ ಅದೇ ಸಾಲಿನ ಕೊನೆಯಲ್ಲಿ ಕಾಯಬೇಕು. ಡೌನ್‌ಲೋಡ್ ಕೂಡ ಕುಂಟುತ್ತದೆ, ಏಕೆಂದರೆ ಬಂದ ದತ್ತಾಂಶ ತಲುಪಿತು ಎಂಬ ರಸೀತಿಗಳು ಅಪ್‌ಲೋಡ್ ದಾರಿಯಲ್ಲೇ ಹಿಂತಿರುಗಬೇಕು.

ಇದನ್ನು ನೀವೇ ಪರೀಕ್ಷಿಸಬಹುದು. ಒಂದು ಯಂತ್ರದಿಂದ ದೊಡ್ಡ ಕಡತ ಕಳಿಸುತ್ತಾ, ಇನ್ನೊಂದರಲ್ಲಿ ಯಾವುದಾದರೂ ಜಾಲತಾಣಕ್ಕೆ, ಉತ್ತರ ಬರಲು ಎಷ್ಟು ಹೊತ್ತಾಗುತ್ತದೆಂದು ಅಳೆಯುವ ಪಿಂಗ್ ಆದೇಶ ಕೊಟ್ಟು ನೋಡಿ. 20 ಮಿಲಿಸೆಕೆಂಡ್ ಇದ್ದದ್ದು ಹಲವು ನೂರಕ್ಕೆ ಏರಿದರೆ ಕಾರಣ ಸಿಕ್ಕಿತು. ಪರಿಹಾರಕ್ಕೆ ಹಣ ಬೇಕಿಲ್ಲ: ಬ್ಯಾಕಪ್ ತಂತ್ರಾಂಶದಲ್ಲೇ ಅಪ್‌ಲೋಡ್ ಮಿತಿ ಹಾಕಿ. ರೌಟರ್‌ನಲ್ಲಿ ಎಸ್‌ಕ್ಯೂಎಂ ಅಥವಾ ಕ್ಯುಒಎಸ್ (ದತ್ತಾಂಶದ ಸಾಲನ್ನು ನಿಭಾಯಿಸುವ) ಸೌಲಭ್ಯವಿದ್ದರೆ ಇನ್ನೂ ಉತ್ತಮ. ಅಲ್ಲಿ ಮಿತಿಯನ್ನು ನಿಜವಾದ ಅಪ್‌ಲೋಡ್ ವೇಗದ ಶೇ 90ರ ಆಸುಪಾಸಿನಲ್ಲಿಡಿ. ಆಗ ಸಾಲು ಮುಂದಿನ ಮೋಡೆಮ್‌ನಲ್ಲಿ ಬೆಳೆಯದೆ, ರೌಟರ್‌ನ ಹಿಡಿತದಲ್ಲೇ ಇರುತ್ತದೆ. ದುಬಾರಿ ಯೋಜನೆಗೆ ಹೋಗುವ ಮುನ್ನ ದಯವಿಟ್ಟು ಇದನ್ನು ಮಾಡಿ ನೋಡಿ.

ಮೇಜಿನ ಮೇಲೇ ಇರುವ ಕಂಪ್ಯೂಟರ್‌ಗೆ ವೈಫೈ ಬದಲು ಕೇಬಲ್ ಕೊಡಿ. ಕ್ಯಾಟ್ 5ಇ ಎಂಬ ದರ್ಜೆಯ ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೆ 1 ಜಿಬಿಪಿಎಸ್ ಒಯ್ಯಬಲ್ಲದು. ವೇಗದ ಸಂಪರ್ಕವಿದ್ದೂ ವೇಗದ ಪರೀಕ್ಷೆಯಲ್ಲಿ 95 ಎಂಬಿಪಿಎಸ್ ಹತ್ತಿರವೇ ನಿಂತರೆ ಕೇಬಲ್ಲನ್ನು ಅನುಮಾನಿಸಿ: ಗಿಗಾಬಿಟ್‌ಗೆ ಎಂಟೂ ತಂತಿಗಳು ಬೇಕು, ಒಂದು ತುಂಡಾದರೂ ಸಂಪರ್ಕ 100ಕ್ಕೆ ಇಳಿಯಬಹುದು. ರೌಟರ್‌ನಲ್ಲಿ ಕೇಬಲ್ ಸಿಕ್ಕಿಸುವ ಪೋರ್ಟ್ ಸಾಲದಿದ್ದರೆ ಒಂದು ನೆಟ್‌ವರ್ಕ್ ಸ್ವಿಚ್ (ಹೆಚ್ಚು ಪೋರ್ಟ್‌ಗಳನ್ನು ಕೊಡುವ ಪೆಟ್ಟಿಗೆ) ಸಾಕು.

ದೂರದ ಕೋಣೆಗೆಂದು ಎರಡನೇ ರೌಟರ್ ತಂದರೆ ಅದನ್ನು, ವಿಳಾಸ ಹಂಚದೆ ವೈಫೈ ಮಾತ್ರ ಕೊಡುವ ಆ್ಯಕ್ಸೆಸ್ ಪಾಯಿಂಟ್ ಸ್ಥಿತಿಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಎರಡೂ ನ್ಯಾಟ್ ಮಾಡುತ್ತವೆ. ಇಂಟರ್‌ನೆಟ್ ಬರುತ್ತದೆ, ಆದರೆ ಎರಡನೆಯದಕ್ಕೆ ಜೋಡಿಸಿದ ಪ್ರಿಂಟರ್ ಮೊದಲನೆಯದರಲ್ಲಿರುವ ಕಂಪ್ಯೂಟರ್‌ಗೆ ಕಾಣುವುದಿಲ್ಲ.