ಸರ್ಕಾರಿ ಶಾಲೆಯ ಜಾಣ ಮಗು: ಹೆಕ್ಕುವ ಪರೀಕ್ಷೆಗಳ ಆರು ದಶಕ

ನಮ್ಮ ಸರ್ಕಾರಿ ಶಾಲೆಗಳಲ್ಲಿ ‘ಪ್ರತಿಭೆ’ ಎಂಬ ಮಾತು ಎರಡು ಸಂದರ್ಭದಲ್ಲಿ ಕೇಳಿಬರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ತೆಗೆದವರಿಗೆ ಶಾಲು ಹೊದಿಸುವ ಪ್ರತಿಭಾ ಪುರಸ್ಕಾರ ಒಂದು, ಹಾಡು, ಭಾಷಣ, ಛದ್ಮವೇಷಗಳ ಪ್ರತಿಭಾ ಕಾರಂಜಿ ಇನ್ನೊಂದು. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಉತ್ತರ ಹೇಳಿ, ಉಳಿದ ಅರ್ಧ ಗಂಟೆ ಪಕ್ಕದವರನ್ನು ಕೆಣಕುತ್ತ ಕೂರುವ ಮಗುವಿಗೆ ಎರಡರಲ್ಲೂ ಜಾಗವಿಲ್ಲ.

ಬುದ್ಧಿಯನ್ನು ಅಳೆಯುವ ಪ್ರಯತ್ನ ಕನ್ನಡಕ್ಕೆ ಹೊಸದಲ್ಲ. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಬಿನೆ ರೂಪಿಸಿದ ಪರೀಕ್ಷೆಯನ್ನು ವಿ.ವಿ. ಕಾಮತ್ 1930ರ ದಶಕದಲ್ಲೇ ಧಾರವಾಡ ಸೀಮೆಯ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದ್ದರು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ, ಆದರೆ ಹೆಚ್ಚಾಗಿ ಕಲಿಕೆಯಲ್ಲಿ ಹಿಂದುಳಿದ ಮಕ್ಕಳನ್ನು ಪರೀಕ್ಷಿಸಲು. ಶಾಲೆಗೆ ಶಾಲೆಯನ್ನೇ ಜರಡಿ ಹಿಡಿಯಲು ಅದು ಒದಗುವುದಿಲ್ಲ. ಒಂದೊಂದು ಮಗುವನ್ನೂ ತಜ್ಞರು ಎದುರಿಗೆ ಕೂರಿಸಿಕೊಂಡು ನಡೆಸಬೇಕು. ಅಲ್ಲದೆ ಹೋಲಿಕೆಗೆ ಹಿಡಿದ ಮಾನದಂಡ (ಆ ಕಾಲದ ಮಕ್ಕಳ ಅಂಕ) ಹಳೆಯದಾದಷ್ಟೂ ಇಂದಿನ ಮಕ್ಕಳ ಬುದ್ಧಿಸೂಚ್ಯಂಕ ಇರುವುದಕ್ಕಿಂತ ಮೇಲೆ ಕಾಣುತ್ತದೆ.

ಸರ್ಕಾರ ಹಿಡಿದದ್ದು ಬರವಣಿಗೆಯ ಪರೀಕ್ಷೆಯ ದಾರಿ. 1963ರಲ್ಲಿ ಶಾಲಾ ಶಿಕ್ಷಣದ ಕೇಂದ್ರ ಸಂಸ್ಥೆಯಾದ ಎನ್‌ಸಿಇಆರ್‌ಟಿ ದೆಹಲಿಯಲ್ಲಿ 10 ವಿದ್ಯಾರ್ಥಿವೇತನಗಳೊಂದಿಗೆ ವಿಜ್ಞಾನ ಪ್ರತಿಭಾ ಶೋಧ ಆರಂಭಿಸಿತು. ಮರುವರ್ಷ ಅದು 350ಕ್ಕೆ ಏರಿ ದೇಶಕ್ಕೆಲ್ಲ ಹರಡಿತು. ಮುಂದೆ ಸಮಾಜ ವಿಜ್ಞಾನವೂ ಸೇರಿ ಎನ್‌ಟಿಎಸ್‌ಇ (ರಾಷ್ಟ್ರೀಯ ಪ್ರತಿಭಾ ಶೋಧ ಪರೀಕ್ಷೆ) ಆಯಿತು. 2021ರ ನಂತರ ಅದೂ ನಿಂತಿದೆ. 1986ರ ಶಿಕ್ಷಣ ನೀತಿಯೊಂದಿಗೆ ಬೆಳೆದ ನವೋದಯ ಶಾಲೆಗಳದು ಬೇರೆ ಲೆಕ್ಕಾಚಾರ: ಜಿಲ್ಲೆಗೊಂದು ವಸತಿ ಶಾಲೆ, ಐದನೇ ತರಗತಿಯವರಿಗೆ ಪರೀಕ್ಷೆ, 80 ಸೀಟು. ಅದರಲ್ಲಿ ಕನಿಷ್ಠ ಶೇ. 75 ಗ್ರಾಮೀಣ ಮಕ್ಕಳಿಗೆ. ಹಳ್ಳಿಯ ಮಕ್ಕಳ ಪಾಲಿಗೆ ಅದು ನ್ಯಾಯವೇ. ಆದರೆ ಬೆಂಗಳೂರು ನಗರದ ವಾರ್ಡುಗಳಲ್ಲಿ ಓದುವ ಬಡ ಮಗುವಿನ ಪಾಲಿಗೆ ಇಡೀ ಜಿಲ್ಲೆಯಲ್ಲಿ ಉಳಿಯುವುದು ಹೆಚ್ಚೆಂದರೆ 20 ಸೀಟು. ಸರ್ಕಾರದ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ಶಾಲೆಗಳೂ ಐದನೇ ತರಗತಿ ಮುಗಿಸಿದವರನ್ನೇ ಪರೀಕ್ಷೆ ಮಾಡಿ ಕರೆದೊಯ್ಯುತ್ತವೆ. ಆಯ್ಕೆಯಾಗದೆ ಅದೇ ಬೆಂಚಿನಲ್ಲಿ ಉಳಿದ ಮಗುವಿಗೆ ಏನು ಕೊಡಬೇಕೆಂದು ಈ ಯಾವ ಯೋಜನೆಯೂ ಹೇಳಲಿಲ್ಲ.

2008ರಲ್ಲಿ ಬಂದ ಎನ್‌ಎಂಎಂಎಸ್ (ಆದಾಯ ಮತ್ತು ಪ್ರತಿಭೆ ನೋಡಿ ಕೊಡುವ ರಾಷ್ಟ್ರೀಯ ವಿದ್ಯಾರ್ಥಿವೇತನ) ಮಾತ್ರ ಮಗುವನ್ನು ಅದರ ಶಾಲೆಯಲ್ಲೇ ಇಟ್ಟು ನೆರವಾಗುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಇದೇ ಹೆಚ್ಚು ಮುಖ್ಯ. ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇ ತರಗತಿಯವರು ಬರೆಯಬಹುದು. ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಬಾರದು, ಏಳನೇ ತರಗತಿಯಲ್ಲಿ ಶೇ. 55 ಅಂಕ ಬೇಕು (ಪರಿಶಿಷ್ಟರಿಗೆ ಶೇ. 50). ತಲಾ 90 ಪ್ರಶ್ನೆ, 90 ನಿಮಿಷಗಳ ಎರಡು ಪತ್ರಿಕೆಗಳಿರುತ್ತವೆ: ಒಂದು ಮಾನಸಿಕ ಸಾಮರ್ಥ್ಯದ್ದು, ಇನ್ನೊಂದು ಪಠ್ಯದ್ದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ.

ಪಾಸಾದ ಮೇಲೂ ಹಣ ಕೈತಪ್ಪುವುದುಂಟು. ದಾಖಲಾತಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ತಂದೆಯ ಮೊಬೈಲ್ ನಂಬರ್ ಬದಲಾಗಿ ಓಟಿಪಿ ಸಿಗದಿರುವುದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿರುವುದು. ಪ್ರತಿ ವರ್ಷದ ನವೀಕರಣ ಮರೆತುಹೋಗುವುದು. ಹತ್ತನೇ ತರಗತಿಯಲ್ಲಿ ಶೇ. 60 ಅಂಕ ಬರಬೇಕೆಂಬುದು (ಪರಿಶಿಷ್ಟರಿಗೆ ಶೇ. 55) ಎಲ್ಲರಿಗೂ ಗೊತ್ತು. ಎಸ್ಸೆಸ್ಸೆಲ್ಸಿ ಆದಮೇಲೆ ಡಿಪ್ಲೊಮಾಗೆ ಸೇರಿದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ ಎಂಬುದನ್ನು ಮಾತ್ರ ಪಾಲಿಟೆಕ್ನಿಕ್ ಅರ್ಜಿ ತುಂಬುವ ಮೊದಲು ಹೇಳುವವರು ಕಡಿಮೆ. ಎಂಟನೇ ತರಗತಿಯ ಜೂನ್‌ನಲ್ಲೇ ದಾಖಲೆಗಳನ್ನು ಸರಿಪಡಿಸಿಟ್ಟರೆ ಇದರಲ್ಲಿ ಅರ್ಧ ತೊಡಕು ತಪ್ಪುತ್ತದೆ.

ಪರೀಕ್ಷೆಯಾಚೆ ಮಗುವನ್ನು ಗುರುತಿಸುವ ಕೆಲಸ ಬೆಂಗಳೂರಿನಲ್ಲೇ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ (ನಿಯಾಸ್) ಅನಿತಾ ಕುರುಪ್ ಮತ್ತು ಸಂಗಡಿಗರು, ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯ ಬೆಂಬಲದೊಂದಿಗೆ, ಮಗುವನ್ನು ದಿನವೂ ಕಾಣುವ ಶಿಕ್ಷಕರಿಂದಲೇ ಹೆಸರು ಪಡೆಯುವ ವಿಧಾನವನ್ನು ಬೆಳೆಸಿದರು. ಈ ಊರಿಗೆ ಅದು ಹೊಂದುತ್ತದೆ. ಇಲ್ಲಿನ ಒಂದೇ ತರಗತಿಯಲ್ಲಿ ಮನೆಮಾತು ತಮಿಳು, ತೆಲುಗು, ಉರ್ದು, ಹಿಂದಿ ಆಗಿರುವವರ ಜೊತೆಗೆ ರಾಯಚೂರು, ಕಲಬುರಗಿಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳೂ ಇರುತ್ತಾರೆ. ಪದಗಳ ಮೇಲೆ ನಿಂತ ಪರೀಕ್ಷೆ ಕೊಟ್ಟರೆ ಅಳೆದಂತಾಗುವುದು ಕನ್ನಡವನ್ನು, ಯೋಚನೆಯನ್ನಲ್ಲ.

ಆದರೆ ಸುಮ್ಮನೆ ‘ಜಾಣರ ಹೆಸರು ಕೊಡಿ’ ಎಂದರೆ ಬರುವುದು ದುಂಡಗೆ ಬರೆಯುವ, ಹೇಳಿದಂತೆ ಕೇಳುವ ಮಕ್ಕಳ ಪಟ್ಟಿ. ಮೊದಲು ಆರರಿಂದ ಎಂಟು ವಾರ ಗಮನಿಸಬೇಕು, ಅಭಿಪ್ರಾಯವನ್ನಲ್ಲ, ನಡೆದದ್ದನ್ನು ದಿನಾಂಕ ಹಾಕಿ ಬರೆದಿಡಬೇಕು. ಆಮೇಲೆ ಎಲ್ಲರಿಗೂ ಒಂದೇ ಸಮಸ್ಯೆ ಕೊಡಬೇಕು. ಉದಾಹರಣೆಗೆ, ನಾಲ್ಕು ಸಾಲು, ನಾಲ್ಕು ಕಂಬದ ಚೌಕಳಿಯಲ್ಲಿ ಎಷ್ಟು ಚೌಕಗಳಿವೆ? ಹೆಚ್ಚಿನವರು 16 ಎನ್ನುತ್ತಾರೆ, ಕೆಲವರು ಹೊರಗಿನದನ್ನೂ ಸೇರಿಸಿ 17. ‘ದೊಡ್ಡವೂ ಲೆಕ್ಕಕ್ಕೆ ಬರುತ್ತವಾ ಮಿಸ್?’ ಎಂದು ಕೇಳಿ 16+9+4+1 ಸೇರಿಸಿ 30 ಎನ್ನುವ ಮಗು ಒಂದಿರಬಹುದು. ಉತ್ತರಕ್ಕಿಂತ ಮುಂದಿನ ಹೆಜ್ಜೆ ನೋಡಿ: ಯಾರೂ ಹೇಳದೆ ಐದು ಸಾಲಿನ ಚೌಕಳಿ ಬರೆದುಕೊಂಡು 55 ಎಂದರೆ ಆ ಹೆಸರನ್ನು ಗುರುತು ಹಾಕಿಕೊಳ್ಳಿ. ಸುಮ್ಮನಿರುವ ಹುಡುಗಿಯರ ನೋಟ್‌ಬುಕ್ಕಿನ ಕೊನೆಯ ಪುಟಗಳನ್ನೂ ತಿರುವಿ ನೋಡಿ.

ಗುರುತಿಸಿದ ಮೇಲೆ ಸಾಮಾನ್ಯವಾಗಿ ಆಗುವ ತಪ್ಪು, ಹತ್ತು ಲೆಕ್ಕ ಮುಗಿಸಿದವನಿಗೆ ಅದೇ ಜಾತಿಯ ಇನ್ನೂ ಇಪ್ಪತ್ತು ಕೊಡುವುದು. ಮಗು ನಿಧಾನವಾಗಿ ಮಾಡುವುದನ್ನು ಬೇಗ ಕಲಿತುಕೊಳ್ಳುತ್ತದೆ. ಬದಲಿಗೆ ಪಾಠಕ್ಕೆ ಮೊದಲೇ ಘಟಕ ಪರೀಕ್ಷೆ ಕೊಟ್ಟು, ಗೊತ್ತಿರುವ ಭಾಗ ಬಿಡಿಸಿ, ಆ ಹೊತ್ತಿಗೆ ಆಳದ ಒಂದೇ ಪ್ರಶ್ನೆ ಕೊಡಬಹುದು. ಇದಕ್ಕೆ ನಮ್ಮಲ್ಲೇ ಮಾದರಿಯಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ, ಒಂದರಿಂದ ಮೂರನೇ ತರಗತಿಯವರ ಚಟುವಟಿಕೆ ಪದ್ಧತಿ ನಲಿ–ಕಲಿಯಲ್ಲಿ ಮಗು ಕಲಿಕಾ ಏಣಿಯನ್ನು (ಹಂತಹಂತವಾಗಿ ಜೋಡಿಸಿದ ಚಟುವಟಿಕೆಗಳನ್ನು) ತನ್ನ ವೇಗದಲ್ಲಿ ಹತ್ತುತ್ತದೆ. ನಾಲ್ಕನೇ ತರಗತಿಗೆ ಬಂದೊಡನೆ ಏಣಿ ಹೋಗಿ ಎಲ್ಲರಿಗೂ ಒಂದೇ ಪುಟ.

2020ರ ಶಿಕ್ಷಣ ನೀತಿ ಶಾಲಾ ಸಂಕುಲ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದಲ್ಲಿ ವಿಷಯವಾರು ಕ್ಲಬ್‌ಗಳನ್ನು ಸೂಚಿಸಿದೆ. ಕ್ಲಸ್ಟರಿಗೊಂದು ಕೋಣೆ, ಇಬ್ಬರು ಶಿಕ್ಷಕರು, 15ರಿಂದ 20 ಮಕ್ಕಳು, ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಎರಡು ಗಂಟೆ ಇದ್ದರೆ ಶುರುಮಾಡಬಹುದು. ಊಟದ ಏರ್ಪಾಡಿಲ್ಲದಿದ್ದರೆ ಕೆಲವೇ ವಾರಗಳಲ್ಲಿ ಹಾಜರಾತಿ ಕರಗುತ್ತದೆ. ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಬಿಎಂಟಿಸಿ ಪ್ರಯಾಣ ಉಚಿತ, ಹುಡುಗರ ಬಸ್ ಚಾರ್ಜಿಗೆ ದಾರಿ ಹುಡುಕಬೇಕು. ತಮ್ಮ, ತಂಗಿಯರನ್ನು ನೋಡಿಕೊಳ್ಳಬೇಕಾದ ಹುಡುಗಿ ಅವರನ್ನೂ ಕರೆತರಲು ಬಿಡಬೇಕು.