ಗ್ಯಾಲಕ್ಟಸ್ ಆಕ್ರಮಣಕಾರನಲ್ಲ

ಸೂಪರ್‌ಹೀರೋ ಕಾಮಿಕ್ಸ್‌ನ ‘ಅನ್ಯಗ್ರಹದ ಆಕ್ರಮಣಕಾರರು’ ಎಂದು ಯಾರೇ ಪಟ್ಟಿ ಮಾಡಲಿ, ಗ್ಯಾಲಕ್ಟಸ್, ಥಾನೋಸ್, ಬ್ರೈನಿಯಾಕ್, ಸ್ಕ್ರಲ್‌ಗಳು ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಯಾರು ಹೆಚ್ಚು ಬಲಶಾಲಿ, ಯಾರು ಹೆಚ್ಚು ಕ್ರೂರಿ ಎಂಬ ಹೋಲಿಕೆಯೂ ಬೆನ್ನಿಗೇ ಬರುತ್ತದೆ. ಆಕಾಶದಿಂದ ಇಳಿದು ಕೇಡು ಮಾಡಿದವರೆಲ್ಲ ಆಕ್ರಮಣಕಾರರೇ ಆದರೆ ಆ ಪದಕ್ಕೆ ಉಳಿಯುವ ಕೆಲಸವಾದರೂ ಏನು?

‘ಆಕ್ರಮಣ’ದ ಒಳಗಿರುವುದು ಸಂಸ್ಕೃತದ ‘ಕ್ರಮ್’ ಧಾತು. ಹೆಜ್ಜೆ ಇಡುವುದು ಎಂದು ಅರ್ಥ. ಮೂರು ಹೆಜ್ಜೆಯಲ್ಲಿ ಲೋಕಗಳನ್ನು ಅಳೆದವನು ತ್ರಿವಿಕ್ರಮ. ಗಡಿ ಮೀರಿ ಹೆಜ್ಜೆ ಇಟ್ಟರೆ ಅತಿಕ್ರಮಣ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟಿದರೆ ಸಂಕ್ರಮಣ. ಒಂದರ ಹಿಂದೊಂದು ಹೆಜ್ಜೆ ಬಿದ್ದರೆ ಅದೇ ಕ್ರಮ. ಈ ಧಾತುವಿಗೆ ‘ಆ’ ಸೇರಿದಾಗ ಮೇಲೆ ಕಾಲಿಡುವುದು, ಮೆಟ್ಟಿ ವಶಪಡಿಸಿಕೊಳ್ಳುವುದು ಎಂಬ ಅರ್ಥ ಬರುತ್ತದೆ. ಕಾಲಿಡಬೇಕಾದರೆ ಕಾಲ ಕೆಳಗೆ ನೆಲ ಇರಬೇಕು, ಗೆದ್ದ ಮೇಲೂ ಇರಬೇಕು. ದಿನಬಳಕೆಯಲ್ಲಿ ದಾಳಿಗೂ ಆಕ್ರಮಣಕ್ಕೂ ಇದ್ದ ಅಂತರ ಸವೆದುಹೋಗಿದೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಖಳರನ್ನು ಹೋಲಿಸಲು ಕುಳಿತವರಿಗೆ ಈ ಅಂತರವೇ ಮುಖ್ಯ. ಆಕ್ರಮಣಕಾರನಿಗೆ ಭೂಮಿ ಬೇಕು, ಭೂಮಿಯಾಗಿಯೇ ಬೇಕು.

ಗ್ಯಾಲಕ್ಟಸ್‌ಗೆ ಅದು ಬೇಕಿಲ್ಲ. 1966ರಲ್ಲಿ ‘ಫೆಂಟಾಸ್ಟಿಕ್ ಫೋರ್’ ಎಂಬ ನಾಲ್ವರು ನಾಯಕರ ಕಾಮಿಕ್ಸ್ ಪತ್ರಿಕೆಯ 48ನೇ ಸಂಚಿಕೆಯಲ್ಲಿ ಕಾಣಿಸಿಕೊಂಡ ಈ ದೈತ್ಯ ಗ್ರಹಗಳ ಶಕ್ತಿಯನ್ನು ಹೀರಿ ಬದುಕುವವನು. ನ್ಯೂಯಾರ್ಕ್‌ನ ಬ್ಯಾಕ್ಸ್‌ಟರ್ ಕಟ್ಟಡದ ಮೇಲೆ ತನ್ನ ಯಂತ್ರ ಜೋಡಿಸಿಕೊಳ್ಳುವಾಗ ಅವನಿಗೆ ಸಿಂಹಾಸನದ ಆಸೆಯಿಲ್ಲ, ಪ್ರಜೆಗಳು ಬೇಕಿಲ್ಲ, ಕೆಳಗಿರುವ ಜನರ ಮೇಲೆ ದ್ವೇಷವೂ ಇಲ್ಲ. ಇರುವುದು ಹಸಿವು. ಕಾಮಿಕ್ಸ್‌ನವರಿಗೇ ಹಸಿದವನನ್ನು ಅಪರಾಧಿ ಎನ್ನಬಹುದೇ ಎಂಬ ಪ್ರಶ್ನೆ ಗಂಭೀರವಾಗಿ ಕಾಡಿತ್ತು. ಸಾಯುತ್ತಿದ್ದ ಗ್ಯಾಲಕ್ಟಸ್‌ನನ್ನು ಬದುಕಿಸಿದ ತಪ್ಪಿಗೆ ಆ ನಾಲ್ವರ ಮುಂದಾಳು ರೀಡ್ ರಿಚರ್ಡ್ಸ್‌ನನ್ನು ಅನ್ಯಗ್ರಹದವರು ಕಟಕಟೆಯಲ್ಲಿ ನಿಲ್ಲಿಸುವ ಕಥೆ 1984ರ 262ನೇ ಸಂಚಿಕೆಯಲ್ಲಿದೆ. ಗ್ಯಾಲಕ್ಟಸ್ ವಿಶ್ವದ ವ್ಯವಸ್ಥೆಗೇ ಅಗತ್ಯವಾದವನು ಎಂಬುದು ಅಲ್ಲಿ ಕೊನೆಗೆ ಸ್ಥಾಪನೆಯಾಗುತ್ತದೆ. ಆ ತೀರ್ಮಾನವನ್ನು ಒಪ್ಪುವುದು ಕಷ್ಟ, ನನಗೂ ಕಷ್ಟ. ಆದರೆ ನೆಲ ಕಬಳಿಸಲು ಬಂದ ಯಾವ ಆಕ್ರಮಣಕಾರನ ಪರವಾಗಿಯೂ ಇಂಥ ವಾದ ಹೂಡಲಾಗದು ಎಂಬುದನ್ನಾದರೂ ಗಮನಿಸಬೇಕು.

ಈಗ ಸ್ಕ್ರಲ್‌ಗಳತ್ತ ಬನ್ನಿ. 1962ರಲ್ಲಿ, ಅದೇ ಪತ್ರಿಕೆಯ ಎರಡನೇ ಸಂಚಿಕೆಯಲ್ಲಿ ಅವರು ಬರುತ್ತಾರೆ. ಬೇಕಾದ ರೂಪ ತಾಳಬಲ್ಲ ಇವರು ನಾಲ್ವರು ನಾಯಕರ ವೇಷದಲ್ಲೇ ಅಪರಾಧ ಮಾಡಿ, ಜನ ಅವರ ವಿರುದ್ಧ ತಿರುಗುವಂತೆ ನೋಡಿಕೊಳ್ಳುತ್ತಾರೆ. ಕಾವಲು ತಪ್ಪಿದರೆ ನೆಲ ಸಿಗುತ್ತದೆ ಎಂಬ ಲೆಕ್ಕಾಚಾರ. ಈ ಸ್ಕ್ರಲ್‌ಗಳನ್ನು ರೀಡ್ ಓಡಿಸುವ ಉಪಾಯ ನನಗೆ ಬಹಳ ಇಷ್ಟ: ಕಾಮಿಕ್ಸ್ ಪುಸ್ತಕಗಳಿಂದ ಕತ್ತರಿಸಿದ ರಾಕ್ಷಸರ ಚಿತ್ರಗಳನ್ನು ಸ್ಕ್ರಲ್ ದಳಪತಿಗೆ ತೋರಿಸಿ, ಇವು ಭೂಮಿಯನ್ನು ಕಾಯುವ ಜೀವಿಗಳು ಎಂದು ನಂಬಿಸುತ್ತಾನೆ. ಪಡೆ ಹಿಂದಿರುಗುತ್ತದೆ. ಹೆದರಿಸಿದರೆ ಹಿಂದೆ ಸರಿಯುವುದು ಆಕ್ರಮಣಕಾರನ ಲಕ್ಷಣ, ಏಕೆಂದರೆ ಅವನು ಲಾಭ ನಷ್ಟ ತೂಗಿ ನೋಡುತ್ತಾನೆ. ಹಸಿವಿಗೆ ಆ ತಕ್ಕಡಿ ಇರುವುದಿಲ್ಲ.

ಎರಡರ ನಡುವಿನ ವ್ಯತ್ಯಾಸ ಇನ್ನೂ ಬೇಕೆಂದರೆ 1983ರ ಕಥೆ ಓದಬೇಕು. ಅದರಲ್ಲಿ ಗ್ಯಾಲಕ್ಟಸ್ ಸ್ಕ್ರಲ್‌ಗಳ ರಾಜಧಾನಿ ಗ್ರಹವನ್ನೇ ನುಂಗುತ್ತಾನೆ. ಅಲ್ಲಿ ಕಾಲಿಡಲು ಏನೂ ಉಳಿಯುವುದಿಲ್ಲ. 2008ರ ‘ಸೀಕ್ರೆಟ್ ಇನ್‌ವೇಷನ್’ನಲ್ಲಿ ನೆಲೆ ಕಳೆದುಕೊಂಡ ಅದೇ ಜನ, ಭೂಮಿ ತಮಗೆ ಮೊದಲೇ ವಾಗ್ದಾನವಾಗಿದೆ ಎಂಬ ಧಾರ್ಮಿಕ ನಂಬಿಕೆಯೊಂದಿಗೆ ನಮ್ಮೊಳಗೆ ನುಸುಳಿ ಬರುತ್ತಾರೆ. ನುಂಗಿದವನನ್ನೂ ನೆಲೆ ಹುಡುಕಿಕೊಂಡು ಬಂದವರನ್ನೂ ಒಂದೇ ಹೆಸರಿನಿಂದ ಕರೆದರೆ ಈ ಕಥೆಯ ನೋವೇ ಕೈತಪ್ಪಿ ಹೋಗುತ್ತದೆ.

ಬ್ರೈನಿಯಾಕ್ ಲೂಟಿಕೋರ. 1958ರ ಮೊದಲ ಕಥೆಯಿಂದಲೂ ಅವನ ಕಸುಬು ನಗರಗಳನ್ನು ಕುಗ್ಗಿಸಿ ಸೀಸೆಯಲ್ಲಿ ತುಂಬಿಕೊಂಡು ಹೋಗುವುದು. ಬಂದ ಜಾಗದಲ್ಲಿ ನಿಲ್ಲುವ ಉದ್ದೇಶ ಅವನಿಗಿಲ್ಲ. ಥಾನೋಸ್ 1991ರ ‘ಇನ್ಫಿನಿಟಿ ಗಾಂಟ್ಲೆಟ್’ನಲ್ಲಿ ಚಿಟಿಕೆ ಹೊಡೆದು ವಿಶ್ವದ ಅರ್ಧದಷ್ಟು ಜೀವಿಗಳನ್ನು ಅಳಿಸುವುದು ಮೃತ್ಯುದೇವತೆಯ ಮನಗೆಲ್ಲಲು. ಅದಕ್ಕೆ ಸಂಹಾರ ಎಂಬ ಪದ ಸಾಕು. ಇನ್ನೊಬ್ಬ ಖಳ, ಅನ್ಯಗ್ರಹದ ದೊರೆ ಡಾರ್ಕ್‌ಸೈಡ್‌ನ ವಿಷಯದಲ್ಲಿ ಮಾತ್ರ ವಾದಕ್ಕೆ ಜಾಗವಿದೆ: ಅವನು ಹುಡುಕುವುದು ಎಲ್ಲರ ಇಚ್ಛಾಶಕ್ತಿಯನ್ನು ಅಡಿಯಾಳಾಗಿಸುವ ಸೂತ್ರವನ್ನು. ನೆಲದ ಬದಲು ಮನಸ್ಸನ್ನು ಮೆಟ್ಟುವವನು ಎಂದು ನೋಡಿದರೆ ಅವನನ್ನು ಆಕ್ರಮಣಕಾರರ ಸಾಲಿಗೆ ಸೇರಿಸಲು ನನಗೆ ಅಡ್ಡಿಯಿಲ್ಲ.

ಈ ಹೆಸರಿಗೆ ಪೂರ್ತಿ ಒಪ್ಪುವವರು 2003ರಲ್ಲಿ ಆರಂಭವಾದ ಕಾಮಿಕ್ಸ್ ಸರಣಿ ‘ಇನ್‌ವಿನ್ಸಿಬಲ್’ನ ವಿಲ್ಟ್ರುಮೈಟರು. ಅವರಲ್ಲೊಬ್ಬನಾದ ಆಮ್ನಿ-ಮ್ಯಾನ್ ಭೂಮಿಯಲ್ಲಿ ಮದುವೆಯಾಗಿ, ಮಗನನ್ನು ಬೆಳೆಸಿ, ಜನರ ರಕ್ಷಕನೆನಿಸಿಕೊಂಡು ವರ್ಷಗಟ್ಟಲೆ ಬಾಳುವುದು ಈ ಗ್ರಹವನ್ನು ತನ್ನವರ ಸಾಮ್ರಾಜ್ಯಕ್ಕೆ ಹದಗೊಳಿಸಲು. ಮುಂದೆ ಗೊತ್ತಾಗುವಂತೆ, ಸಾಂಕ್ರಾಮಿಕ ರೋಗವೊಂದಕ್ಕೆ ತುತ್ತಾಗಿ ಆ ಜನಾಂಗದಲ್ಲಿ ಉಳಿದವರು 50ಕ್ಕಿಂತ ಕಡಿಮೆ. ಅವರಿಗೆ ಭೂಮಿಯೂ ಬೇಕು, ಭೂಮಿಯ ಜನರೂ ಬೇಕು, ಆ ಜನರಿಂದ ಮಕ್ಕಳೂ ಬೇಕು. ಆ ಸಾಮ್ರಾಜ್ಯದ ವಿರುದ್ಧ ನಡೆದ ಯುದ್ಧದ ನಂತರ ಅಳಿದುಳಿದವರು ಇಲ್ಲಿಗೇ ಬಂದು, ಗುರುತು ಮರೆಸಿಕೊಂಡು, ಮನುಷ್ಯರ ನಡುವೆ ಸಂಸಾರ ಹೂಡುತ್ತಾರೆ.